ಚಿತ್ರವಿಲ್ಲದ ಪುಟ

ಕಾಲುವೆ ಕ್ಯಾಂಪು, ಕೆಂಭಾವಿ ದಾರಿ
ಸುರಪುರ ತಾಲೂಕು
16-3-1997, ರವಿವಾರ

ಗೆಳೆಯ ಯಾಕೂಬಸಾಬನಿಗೆ,

ಅಂಬ್ರಪ್ಪನ ಶರಣು ಮತ್ತು ಸಲಾಮು. ಎರಡರಲ್ಲಿ ನಿನಗೆ ಬೇಕಾದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಮದೀನಾಬೀ ಭಾಬಿಗೆ ಕೊಡು.

ನಾರಾಯಣಪುರ ಡ್ಯಾಮಿನಿಂದ ನೀನು ಬಿಟ್ಟ ನೀರು ಎರಡು ದಿನಕ್ಕೆ ನನ್ನ ಗೇಟಿಗೆ ಬರುತ್ತದೆ. ನಿನ್ನ ಮೂರು ಕಾರ್ಡುಗಳೂ ಬಂದವು. ಸಂಕ್ರಾಂತಿಯಿಂದ ಈಚೆಗೆ ಇಲ್ಲಿಂದ ಅಲ್ಲಿಗೆ ಮಾತ್ರ ಏನೂ ಹೋಗಲಿಲ್ಲ. ಕಾಲುವೆ ಹಿಂದಕ್ಕೆ ಹರಿಯುವುದಿಲ್ಲ ಎಂದು ನೆಪ ಹೇಳಬಹುದು. ಆದರೆ ನೀನೂ ಇದೇ ಇಲಾಖೆಯವನು, ನೆಪಗಳೆಲ್ಲ ನಿನಗೆ ಗೊತ್ತು. ನನ್ನ ಮಾನಮ್ಮ ತೀರಿಹೋಗಿ ಎಂಟು ತಿಂಗಳಾಯಿತು. ಉಣ್ಣುತ್ತೇನೆ, ಕಾಲುವೆ ನೀರಿನ ಮಟ್ಟದ ಗೇಜು ನೋಡುತ್ತೇನೆ, ಗಡ್ಡ ಮಾಡಿಕೊಳ್ಳುತ್ತೇನೆ. ಹಲ್ಲು ಕೀಳಿಸಲು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೇನೆ. ನಾಲಿಗೆ ಕಚ್ಚಿಕೊಂಡರೂ ರಕ್ತ ನೋಡಿಯೇ ತಿಳಿಯಬೇಕು.

ತಡಕ್ಕೆ ಇನ್ನೊಂದು ಕಾರಣವಿದೆ. ಸಂಕ್ರಾಂತಿಗೆ ಬರೆದ ಕಾರ್ಡಿನಲ್ಲಿ, ‘ದೇವಕಿ ಈಗ ಗಡಗಡ ಓದುತ್ತಾಳೆ, ಬಳಿಚಕ್ರದಲ್ಲಿ ಎಲ್ಲರ ಎದುರು ಓದಿದಳು, ನಾವು ಗೆದ್ದೆವು’ ಎಂದು ಬರೆದಿದ್ದೆ. ಅದು ಸುಳ್ಳು. ಬರೆಯುವಾಗಲೇ ಸುಳ್ಳೆಂದು ಗೊತ್ತಿತ್ತು. ಒಂದು ಸುಳ್ಳು ಬರೆದ ಮೇಲೆ ಎರಡನೇ ಪತ್ರಕ್ಕೆ ಕೈ ಏಳುವುದಿಲ್ಲ ನೋಡು.

ಮೊದಲಿನಿಂದ ಹೇಳುತ್ತೇನೆ. ಮಾನಮ್ಮನ ದಿನಕರ್ಮ ಕಳೆದ ಮೇಲೆ, ಅವಳ ತಾಯಿ ಭೀಮವ್ವ ಹೊರಡುವಾಗ ನನ್ನನ್ನು ಕರೆದು ಕೂರಿಸಿದಳು. ಅಕ್ಕನ ಮಗಳನ್ನೇ ಕಟ್ಟಿಕೊಂಡವನ ಕಷ್ಟ ನಿನಗೆ ಗೊತ್ತಿಲ್ಲ. ಅತ್ತೆಯ ಬೈಗುಳವೂ ಅಕ್ಕನ ಬಾಯಿಂದಲೇ ಬರುತ್ತದೆ. ಎದುರಾಡಿದರೆ ಎರಡು ಸಂಬಂಧ ಒಟ್ಟಿಗೆ ಕೆಡುತ್ತವೆ.

“ತಮ್ಮಾ, ನೀ ದಿನಾ ಕಾಲುವಿ ಕಾಯ್ತಿ. ಕೂಸಿನ್ನ ಯಾರು ಕಾಯ್ತಾರ?” ಅಂದಳು. “ಮೂರನೇತ್ತಕ್ಕ ಬಂದಾಳ, ಓದು ಬರವಲ್ದು ಅಂತ ಸಾಲಿ ಮಾಸ್ತರ ಬಾಯಿ ಬಿಟ್ಟು ಹೇಳ್ಯಾನ. ಓದು ಬರಲಿಲ್ಲಂದ್ರ ಇಲ್ಲಿದ್ದು ಏನು ಮಾಡ್ತಾಳ? ನಮ್ಮನ್ಯಾಗ ಎಮ್ಮಿ ಅದಾವ, ಹೊಲ ಅದ, ನಾ ಅದೀನಿ. ಕರ್ಕೊಂಡು ಹೋಗ್ತೀನಿ.”

“ಎಳ್ಳಮಾಸಿ ಮಟ ಬಿಡು ಅಕ್ಕಾ. ನಿನ್ನ ಮುಂದನ ಓದಿಸ್ತೀನಿ.”

“ಓದ್ಲಿಲ್ಲಂದ್ರ?”

“ಕರ್ಕೊಂಡು ಹೋಗು.”

ಹೇಳಿಬಿಟ್ಟೆ. ಹನ್ನೆರಡು ವರ್ಷ ಕಾದು ಹುಟ್ಟಿದ ಮಗಳು, ಮನೆಯಲ್ಲಿ ಉಳಿದಿರುವ ಎರಡನೇ ಜೀವ. ಅದನ್ನು ಎಮ್ಮೆ ಸಂತೆಯ ಮಾತಿನಂತೆ ಮುಗಿಸಿಬಿಟ್ಟೆ.

ಮಾಸ್ತರನ ಮಾತನ್ನು ನಾನು ನಂಬಿರಲಿಲ್ಲ. ಅವನಿಗೆ ಎಪ್ಪತ್ತು ಮಕ್ಕಳು, ಒಂದು ಕೋಣೆ. ಯಾರಿಗೆ ಏನು ಬರುತ್ತದೆಂದು ಅವನಿಗೇನು ಗೊತ್ತು ಎಂದುಕೊಂಡೆ. ಮನೆಯಲ್ಲಿ ನನ್ನ ವಿಧಾನ ಮೊದಲಿನಿಂದಲೂ ಒಂದೇ. ಬೆಳಿಗ್ಗೆ ಗೇಜು ನೋಡಿ ಬಂದವನೇ ಗೇಟಿನ ಸಿಮೆಂಟು ಕಟ್ಟೆಯ ಮೇಲೆ ಅವಳನ್ನು ಕೂರಿಸಿಕೊಳ್ಳುವುದು, ಪಾಠಕ್ಕೊಂದು ಪ್ರಾಸ ಕಟ್ಟುವುದು. ‘ಬಾವಿಯ ನೀರು ತಣ್ಣಗೆ, ಕುಡಿದ ಕರು ನುಣ್ಣಗೆ.’ ‘ಒಂಟೆಗೆ ಉದ್ದ ಕತ್ತು, ಮರಳೇ ಅದರ ಸೊತ್ತು.’ ಪ್ರಾಸದ ಬಾಲ ಹಿಡಿದು ಪಾಠವೂ ಬರುತ್ತಿತ್ತು. ನಾನು ರಾಗವಾಗಿ ಒಂದು ಸಾಲು ಓದಿದರೆ ಅವಳು ಬೆರಳಿಟ್ಟುಕೊಂಡು ಅದೇ ಸಾಲು ಓದುವಳು. ದೀಪಾವಳಿಯ ಹೊತ್ತಿಗೆ ನನ್ನ ದನಿಯೇ ಬೇಕಾಗಲಿಲ್ಲ. ಪುಸ್ತಕ ತೆಗೆದರೆ ಸಾಕು, ತೂಬು ಎತ್ತಿದ ಹಾಗೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದ್ದಕ್ಕೆ ಗೇಜಿನ ಅಂಕಿ ಬರೆಯುವುದನ್ನು ಬಿಟ್ಟು ಇನ್ನೊಂದು ಉಪಯೋಗ ಸಿಕ್ಕಿತು ಎಂದುಕೊಂಡೆ.

ಎಳ್ಳಮಾವಾಸ್ಯೆಗೆ ಅಕ್ಕನ ಊರು ಬಳಿಚಕ್ರಕ್ಕೆ ಹೋದೆವು. ಅಲ್ಲಿ ಕಾಲುವೆ ಇಲ್ಲ, ಮಳೆ ನಂಬಿದ ಜೋಳ. ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಬಿಚ್ಚಿಕೊಂಡು ಹದಿನೈದು ಮಂದಿ ಬನ್ನಿ ಗಿಡದ ಕೆಳಗೆ ಕೂತಿದ್ದೆವು. ಭೀಮವ್ವನ ಮಗ ಅಯ್ಯಣ್ಣ ಮೊದಲೇ ಚುಚ್ಚಿದ. “ಮಾಮಾ, ಓದಾಕಿ ಆಕಿನೋ ನೀನೋ? ನಡುವ ಬಾಯಿ ಹಾಕಂಗಿಲ್ಲ ಮತ್ತ!”

ಭೀಮವ್ವ ಕೈ ತೊಳೆದುಕೊಂಡು ಸೆರಗಿಗೆ ಒರೆಸಿ, ದೇವಕಿಯ ಪುಸ್ತಕವನ್ನು ತಾನೇ ತೆರೆದಳು. ಅಕ್ಷರ ಬಾರದವಳು, ಮಧ್ಯದಲ್ಲಿ ಎಲ್ಲೋ ತೆರೆದು, “ಇಲ್ಲಿ ಓದು ನಮ್ಮವ್ವಾ” ಅಂದಳು.

ದೇವಕಿ ಪುಟ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಮೇಲೆ ಬೆರಳಿಟ್ಟು ಶುರುಮಾಡಿದಳು. ಬಾವಿಯ ಪಾಠ. ಒಂದು ಕಡೆಯೂ ತಡವರಿಸಲಿಲ್ಲ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ಪೂರ್ಣವಿರಾಮಕ್ಕೆ ಉಸಿರು ತೆಗೆದುಕೊಂಡಳು.

ನಾನು ನೀರಿನ ಕೊಡ ತರಲು ಎದ್ದವನು ಅವಳ ಹಿಂದೆ ನಿಂತಿದ್ದೆ. ಪುಟ ಕಾಣುತ್ತಿತ್ತು. ಅದು ಒಂಟೆಯ ಪಾಠ. ಅದರ ಎರಡನೇ ಪುಟ. ಆ ಪುಟದಲ್ಲಿ ಚಿತ್ರವಿಲ್ಲ.

ತಿಳಿಯಿತಲ್ಲ ಯಾಕೂಬ? ಮಗಳು ಇಷ್ಟು ದಿನ ಚಿತ್ರ ನೋಡಿ ಪಾಠ ಗುರುತಿಸಿ, ಬಾಯಿಪಾಠ ಒಪ್ಪಿಸುತ್ತಿದ್ದಳು. ಚಿತ್ರವಿಲ್ಲದ ಪುಟ ಬಂದಾಗ ತನಗೆ ಚೆನ್ನಾಗಿ ಬರುವುದನ್ನು ಹೇಳಿದಳು. ಅಷ್ಟೇ.

ಅಲ್ಲಿ ಓದಲು ಬರುವವರು ಇನ್ನೂ ಇಬ್ಬರಿದ್ದರು, ಅವರು ಹೋಳಿಗೆ ನೋಡುತ್ತಿದ್ದರು. ಭೀಮವ್ವ ಮೊಮ್ಮಗಳ ಕೆನ್ನೆ ನೇವರಿಸಿ ಲಟಿಕೆ ಮುರಿದಳು. “ತಮ್ಮಾ, ನೀ ಗೆದ್ದಿ ಬಿಡು. ಕೂಸು ನಿನ್ನ ಹಂತೇಕ ಇರ್ಲಿ” ಅಂದಳು. ನಾನು ಕೊಡ ಕೆಳಗಿಟ್ಟೆ. ಹೋಳಿಗೆ ಕೊಟ್ಟರು. ತಿಂದೆ. ತುಪ್ಪ ಇತ್ತು ಎಂದು ಆಮೇಲೆ ಕೈ ನೋಡಿ ತಿಳಿಯಿತು.

ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ದೇವಕಿ ಕೇಳಿದಳು, “ಯಪ್ಪಾ, ನಾ ಗೆದ್ದೆನೇನು?”

“ಗೆದ್ದಿ” ಅಂದೆ. ಶಹಾಪುರದವರೆಗೆ ನನ್ನ ತೊಡೆಯ ಮೇಲೆ ಮಲಗಿದಳು.

ಮರುದಿನವೇ ಏನಾದರೂ ಮಾಡಬೇಕಿತ್ತು. ಐದು ವಾರ ಏನೂ ಮಾಡಲಿಲ್ಲ. ನೀರು ಮೂರು ದಿನ ಒಂದೇ ಮಟ್ಟದಲ್ಲಿದ್ದರೆ ನಾಲ್ಕನೇ ದಿನ ಗೇಜಿನ ಹತ್ತಿರ ಹೋಗದೆ ನಿನ್ನೆಯ ಅಂಕಿಯನ್ನೇ ಬರೆಯುತ್ತಿದ್ದೆವಲ್ಲ, ನಾನೂ ನೀನೂ? ಮಗಳೂ ಅದನ್ನೇ ಮಾಡುತ್ತಿದ್ದಾಳೆ, ಬೈಯಲು ನನಗೆ ಯಾವ ಬಾಯಿದೆ ಎಂದುಕೊಂಡೆ. ದಿನಾ ಕಟ್ಟೆಯ ಮೇಲೆ ಕೂತೆವು, ಅವಳು ಹೇಳಿದಳು, ನಾನು ಕೇಳಿದೆ. ಇಬ್ಬರಿಗೂ ಗೊತ್ತಿತ್ತೋ ಏನೋ.

ಕೊನೆಗೆ ಬಂದವಳು ಸಾಯಬಮ್ಮ. ನಮ್ಮ ಕ್ಯಾಂಪಿನ ಅಂಗನವಾಡಿಯಲ್ಲಿ ಸಹಾಯಕಿ, ಏಳನೇತ್ತ ಓದಿದ್ದಾಳೆ. ಒಂದು ಸಂಜೆ ಬಾಗಿಲಿಗೆ ನಿಂತು ಹೇಳಿದಳು.

“ಅಂಬ್ರಪ್ಪಣ್ಣ, ನಿಮ್ಮ ಮಗಳು ಇವತ್ತ ನಮ್ಮ ಹುಡುಗ್ರಿಗಿ ಪಾಠ ಓದಿ ಹೇಳ್ಯಾಳ.”

“ಛಲೋ ಆತಲ್ಲ.”

“ಚುರುಮುರಿ ಕಟ್ಟಿದ ಪೇಪರ ಹಿಡ್ಕೊಂಡು ಓದ್ಯಾಳ. ಬಾವಿ, ಕರು, ತಣ್ಣಗ, ನುಣ್ಣಗ. ಪೇಪರದಾಗ ನೋಡಿದ್ರ ಬಸ್ಸು ಉರುಳಿ ಬಿದ್ದ ಸುದ್ದಿ ಅದ.” ನನ್ನ ಮುಖ ನೋಡಿದಳು. “ನಿಮಗ ಗೊತ್ತದ ಹಂಗಾದ್ರ.”

ನಾನು ಗೇಜಿನ ಪುಸ್ತಕ ಮಡಿಚಿಟ್ಟೆ.

“ಕೂಸಿಗಿ ಬಾಯಿ ಕಲಿಸೀರಿ ಅಣ್ಣ, ಕಣ್ಣು ಕಲಿಸಿಲ್ಲ.”

ಮರುದಿನ ಪುಸ್ತಕದ ಚಿತ್ರಗಳ ಮೇಲೆಲ್ಲ ಕಾಗದ ಅಂಟಿಸಿ ಅವಳ ಮುಂದಿಟ್ಟೆ. ದೇವಕಿ ಪುಟ ತಿರುವಿದಳು. ತಿರುವಿದಳು. ಕೊನೆಯ ಪುಟದವರೆಗೂ ತಿರುವಿ ಪುಸ್ತಕ ಮುಚ್ಚಿದಳು. ಅಳಲಿಲ್ಲ.

“ಯಾಕವ್ವ ಹೇಳಲಿಲ್ಲ, ಓದಾಕ ಬರಂಗಿಲ್ಲಂತ?” ಎಂದು ಕೇಳಿದೆ.

ಅವಳು ಕಾಲುವೆ ನೋಡುತ್ತ ಹೇಳಿದಳು. “ಅವ್ವ ಹೋದ ಮ್ಯಾಲ ನೀ ಹಾಡ ಹೇಳುಮುಂದ ಅಷ್ಟ ನಗ್ತಿ.”

ನನಗೆ ಅದು ಗೊತ್ತೇ ಇರಲಿಲ್ಲ. ನಾನು ನಗುತ್ತಿದ್ದೆ ಎಂಬುದೇ.

ಈಗ ಸಾಯಬಮ್ಮ ಹೇಳಿದಂತೆ ನಡೆಯುತ್ತಿದೆ. ದಿನಕ್ಕೆ ಒಂದೇ ಅಕ್ಷರ, ಬಾರದಿದ್ದರೆ ವಾರಕ್ಕೊಂದು. ಕಾಲುವೆಯ ಹಸಿ ರಾಡಿಯನ್ನು ಹಲಗೆಯ ಮೇಲೆ ಬಳಿದು ಬೆರಳಿನಿಂದ ಬರೆಯುವುದು, ಕಣ್ಣು ಮುಚ್ಚಿ ಬರೆಯುವುದು, ಆಮೇಲೆ ಹಳೆಯ ಪೇಪರಿನಲ್ಲಿ ಆ ಅಕ್ಷರ ಎಲ್ಲೆಲ್ಲಿದೆ ಹುಡುಕಿ ಸುತ್ತಲೂ ಗೆರೆ ಹಾಕುವುದು. ಹಾಡು ಇಲ್ಲ, ಪ್ರಾಸ ಇಲ್ಲ. “ನಿಮಗ ತಡಕೊಳ್ಳಾಕ ಆಗಲಿಲ್ಲಂದ್ರ ಬಾಯಾಗ ಎಲಿ ಅಡಕಿ ತುಂಬ್ಕೊಂಡು ಕುಂದರ್ರಿ” ಎಂದಿದ್ದಾಳೆ. ಹಾಗೇ ಕೂರುತ್ತೇನೆ. ಬಿ.ಎ. ಪದವೀಧರ, ಬಾಯಿ ಕೆಂಪಗೆ, ಮಾತಿಲ್ಲ. ದೇವಕಿಗೆ ಪ ಮತ್ತು ವ ಒಂದೇ ತರಹ ಕಾಣುತ್ತವೆ. ನಿನ್ನೆ ಬಂದದ್ದು ಇವತ್ತು ಇರುವುದಿಲ್ಲ. ಎರಡು ಸಲ ಹಲಗೆಯನ್ನು ಕಾಲುವೆಗೆ ಎಸೆದಳು; ಇಳಿದು ತಂದೆ. ಲೆಕ್ಕ ಹೇಳಬೇಕೆಂದರೆ ಹನ್ನೊಂದು ಅಕ್ಷರ ಬಂದಿವೆ.

ಮೊನ್ನೆ ಬುಧವಾರ ಒಂದು ಟ್ರ್ಯಾಕ್ಟರು ನೆಲ್ಲಿನ ಚೀಲ ಹೇರಿಕೊಂಡು ನಮ್ಮ ಸೇತುವೆ ದಾಟಿತು. ದೇವಕಿ ಅದರ ಹಿಂದೆ ನೋಡುತ್ತ, “ಬ” ಅಂದಳು. ಬಹಳ ಹೊತ್ತು ಬಿಟ್ಟು “ಸ” ಅಂದಳು. ಟ್ರ್ಯಾಕ್ಟರು ತಿರುವು ದಾಟುವಷ್ಟರಲ್ಲಿ ಅದರ ಹಿಂದೆ ಓಡಿ ನೋಡಿ ಬಂದು, “ವ. ಯಪ್ಪಾ, ಬಸವ ಅಂತ ಬರದಾರ” ಅಂದಳು. ಯಾರೂ ಹೇಳಿಕೊಡದೆ ಅವಳು ಓದಿದ ಮೊದಲ ಶಬ್ದ. ಖುಷಿಯಾಗಬೇಕಿತ್ತು. ಆಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಎಲೆ ಅಡಿಕೆ ಉಗುಳಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟೆ, ಖುಷಿಯಾದವರು ಹಾಗೆ ಮಾಡುತ್ತಾರೆಂದು.

ಅದಾದ ಮೇಲೆ ಬಳಿಚಕ್ರದ ಸುಳ್ಳನ್ನು ಹಾಗೇ ಇಟ್ಟುಕೊಳ್ಳಲು ಆಗಲಿಲ್ಲ. ಮೊದಲ ಶಬ್ದ ಓದಿದ ಮಗು ಯುಗಾದಿಗೆ ಮತ್ತೆ ಎಲ್ಲರ ಮುಂದೆ ಬಾವಿಯ ಪಾಠ ಒಪ್ಪಿಸಬೇಕೇ? ಶುಕ್ರವಾರ ಒಬ್ಬನೇ ಹೋದೆ. ಭೀಮವ್ವ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಸಾಯಬಮ್ಮನ ಪಾಠದವರೆಗೆ ಎಲ್ಲ ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲಾರೆ ಎಂದು.

ಅವಳು ಮೊರ ಕೆಳಗಿಡಲಿಲ್ಲ. “ಹಂಗಾದ್ರ ಅವತ್ತ ನೀ ನೋಡಿದ್ದಿ?”

“ನೋಡಿದ್ದೆ ಅಕ್ಕಾ.”

“ನೋಡಿ ಹೋಳಿಗಿ ತಿಂದಿ.”

“ತಿಂದೆ.”

“ಈಗ ಎಷ್ಟು ಅಕ್ಷರ ಬರ್ತಾವ?”

“ಹನ್ನೊಂದು.”

“ನನಗ ಒಂದೂ ಬರಂಗಿಲ್ಲ” ಅಂದಳು. ಸ್ವಲ್ಪ ಹೊತ್ತು ಕೇರಿದಳು. ಹೊಟ್ಟು ನನ್ನ ಪಂಚೆಯ ಮೇಲೆ ಬೀಳುತ್ತಿತ್ತು. ಮೊರ ನೋಡುತ್ತಲೇ ಕೇಳಿದಳು, “ನಮ್ಮ ಮಾನಿಗಿ ಗೊತ್ತಿತ್ತೇನು ಇದು?”

“ಇಲ್ಲ ಅಕ್ಕಾ.”

“ಪುಣ್ಯ. ಆ ಚಿಂತಿ ಒಂದಿಲ್ಲದ ಹೋಗ್ಯಾಳ.” ಆಗ ಮೊರ ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಬೈಯುತ್ತಾಳೆಂದು ಕಾದಿದ್ದೆ, ಬೈಯಲಿಲ್ಲ. “ದಸರಾ ಮಟ ನೋಡಮು. ಇಲ್ಲಿ ಸಾಲಿ ದೂರ, ಹೇಳಿಕೊಡೋರೂ ಇಲ್ಲ. ಅಲ್ಲಿ ಆ ಸಾಯಬಮ್ಮ ಅದಾಳ. ಕೂಸು ಅಲ್ಲೇ ಇರ್ಲಿ. ಆದ್ರ ತಮ್ಮಾ, ಇನ್ನೊಮ್ಮಿ ನನ್ನ ಮುಂದ ಆಕಿನ್ನ ಗೊಂಬಿ ಮಾಡಿ ನಿಂದ್ರಿಸಬ್ಯಾಡ.”

ಹೀಗೆ ಮಗಳು ಮನೆಯಲ್ಲಿ ಉಳಿದಳು. ಸದ್ಯಕ್ಕೆ.

ಭಾಬಿಯ ಮಂಡಿ ನೋವು ಹೇಗಿದೆ ಬರೆ. ನಿನ್ನ ಮಗಳು ಹಬೀಬಾಳಿಗೆ ಈ ಕಾಕಾನ ಆಶೀರ್ವಾದ. ಏಳನೇತ್ತ ಪರೀಕ್ಷೆ ಚೆನ್ನಾಗಿ ಬರೆಯಲಿ, ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಹೇಳಲು ಅವಳಿಗೆ ಹೆದರಿಕೆ ಇಲ್ಲದಿರಲಿ. ನಿನ್ನ ಡ್ಯಾಮು ತುಂಬಿರಲಿ, ಮನೆ ತಂಪಿರಲಿ. ನೋಡು, ಇಲ್ಲೂ ಪ್ರಾಸಕ್ಕೆ ಕೈ ಹೋಗುತ್ತಿತ್ತು, ತಡೆದೆ.

ನಿನ್ನ
ಅಂಬ್ರಪ್ಪ

ತಾ.ಕ.: ಅಕ್ಕನಿಗೆ ‘ಇಲ್ಲ’ ಎಂದೆನಲ್ಲ, ಅದೂ ಸುಳ್ಳು. ಇದನ್ನು ನಿನಗೆ ಮಾತ್ರ ಬರೆಯಬಲ್ಲೆ, ಯಾಕೆಂದರೆ ಅವತ್ತು ನೀನಿದ್ದೆ. ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆ, ನಿನಗಿನ್ನೂ ವರ್ಗವಾಗಿರಲಿಲ್ಲ. ನಾವು ನಾಲ್ಕು ಮಂದಿ ಚಹಾ ಕುಡಿಯುತ್ತಿದ್ದೆವು. ಮಾನಮ್ಮ ಗೋಡೆಗೆ ಒರಗಿ ಕೂತಿದ್ದಳು. “ಮಾಮಾ, ದೇವಕಿ ಓದಾಕತ್ತಿಲ್ಲ ನೋಡು. ನಿನ್ನ ಮಾತ ತಿರುಗಿ ಹೇಳಾಕತ್ತಾಳ. ಪುಸ್ತಕ ಕಸ್ಗೊಂಡ್ರೂ ಆಕಿ ಬಾಯಿ ನಿಂದ್ರಂಗಿಲ್ಲ. ಯಾರಿಗರ ತೋರಿಸು” ಅಂದಳು. ನಾನು ಕೂತಲ್ಲೇ ಕಟ್ಟಿದೆ: ‘ಎರಡನೇತ್ತ ಪಾಸು, ಬಿ.ಎ.ಗೆ ತಗೋತಾಳ ಕ್ಲಾಸು.’ ನೀವೆಲ್ಲ ನಕ್ಕಿರಿ. ನಿನ್ನ ಚಹಾ ಅಂಗಿಯ ಮೇಲೆ ಚೆಲ್ಲಿತು. ಅವಳೂ ನಕ್ಕಳು. ಮತ್ತೆ ಆ ಮಾತು ತೆಗೆಯಲಿಲ್ಲ. ಒಂದು ತಿಂಗಳಿಗೆ ಹೋದಳು.

ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಪ್ರಾಸ ಚೆನ್ನಾಗಿತ್ತು, ಯಾರಾದರೂ ನಗುತ್ತಿದ್ದರು. ನಿನ್ನೆ ಸಂಜೆ ದೇವಕಿ ಅಂಗಳದಲ್ಲಿ ಒಂಟಿ ಕಾಲಲ್ಲಿ ಕುಂಟುತ್ತ ಆಡುವಾಗ ಆ ಪ್ರಾಸವನ್ನೇ ಹೇಳುತ್ತಿದ್ದಳು. ಒಂದಕ್ಷರ ತಪ್ಪಿರಲಿಲ್ಲ.