ಒಂದೇ ತೂಕದ ಎರಡು ಅನಿಲಗಳು

ಕೆನ್ನೆವಿಕ್, ವಾಷಿಂಗ್ಟನ್ ರಾಜ್ಯ
ಅಕ್ಟೋಬರ್ 2012

ಪ್ರಿಯ ನೊರೀನ್,

ತೊಟ್ಟಿಗಳ ಸುರಕ್ಷತೆಯ ಕೆಲಸಕ್ಕೆ ನಿನಗೆ ಪದಕ ಬಂದ ಸುದ್ದಿಯನ್ನು ಭಾನುವಾರದ ಪತ್ರಿಕೆಯಲ್ಲಿ ಓದಿದೆ. ನನಗೆ ಎಪ್ಪತ್ತೊಂಬತ್ತು ತುಂಬಿದೆ. ಆದರೂ ಹೊಟ್ಟೆ ಉರಿಯಿತು. ಮೊದಲು ಉರಿದದ್ದು 1991ರ ಜೂನ್‌ನಲ್ಲಿ. ಆಗ ನೀನು ಹೇಳಿದ್ದು ಸರಿ ಎಂದು ಗೊತ್ತಾದ ಮೇಲೂ ನಾನು ಎರಡು ದಿನ ಬಾಯಿ ಬಿಡಲಿಲ್ಲ. ಅದನ್ನು ಹೇಳಲು ಈ ಕಾಗದ.

ನೀನು ನಮ್ಮ ಪ್ರಯೋಗಾಲಯಕ್ಕೆ ಬರುವ ಹೊತ್ತಿಗೆ ನಾನು ಹದಿನೇಳು ವರ್ಷಗಳಿಂದ ಆ ತೊಟ್ಟಿಗಳ ಅನಿಲ ಪರೀಕ್ಷಿಸುತ್ತಿದ್ದೆ. ಬಾಂಬಿಗೆ ಪ್ಲುಟೋನಿಯಂ ತೆಗೆದ ಮೇಲೆ ಉಳಿದ ವಿಷವೆಲ್ಲ ನೆಲದಡಿಯ ಆ ತೊಟ್ಟಿಗಳಲ್ಲಿತ್ತು. ಒಂದು ತೊಟ್ಟಿ ಮಾತ್ರ ಕೆಲವು ತಿಂಗಳಿಗೊಮ್ಮೆ ಉಬ್ಬಿ ಅನಿಲ ಕಕ್ಕುತ್ತಿತ್ತು. ಕೆಲಸಗಾರರು ಅದನ್ನು ಮುದುಕಿ ಎನ್ನುತ್ತಿದ್ದರು. ಅದರಲ್ಲಿ ಹೈಡ್ರೋಜನ್ ಇರುವುದು ಎಲ್ಲರಿಗೂ ಗೊತ್ತಿತ್ತು; ಹೊರಗಿನ ಗಾಳಿ ಸೇರದೆ ಅದು ಹೊತ್ತಿಕೊಳ್ಳದು ಎಂಬ ಧೈರ್ಯವಿತ್ತು. ಜೊತೆಗಿದ್ದ ಇನ್ನೊಂದು ಅನಿಲದ ಅಣುತೂಕವನ್ನು ಯಂತ್ರ ನಲವತ್ತನಾಲ್ಕು ಎಂದು ತೋರಿಸುತ್ತಿತ್ತು. ನಾನು ಕಾರ್ಬನ್ ಡೈಆಕ್ಸೈಡ್ ಎಂದು ಬರೆಯುತ್ತಿದ್ದೆ.

ನೀನು ಬಂದ ಮೂರನೇ ವಾರ ನನ್ನ ಹಾಳೆ ನೋಡಿ ಕೇಳಿದೆ: "ವರ್ನಾ, ತೊಟ್ಟಿ ತುಂಬ ಕ್ಷಾರ ಇದೆ. ಅದು ಕಾರ್ಬನ್ ಡೈಆಕ್ಸೈಡನ್ನ ಹೊರಗೇ ಬಿಡಲ್ಲ, ಒಳಗೇ ನುಂಗಿಬಿಡತ್ತೆ. ಹಾಗಾದ್ರೆ ಇಷ್ಟು ವರ್ಷ ಬರ್ತಿದ್ದಿದ್ದು ಏನು?"

ಕಾಲೇಜಿನ ಮೊದಲ ವರ್ಷದ ಪಾಠ ಅದು. ಹಲ್ಲಿನ ಡಾಕ್ಟರು ನೋವು ತಿಳಿಯದಿರಲೆಂದು ಮೂಗಿಗೆ ಹಿಡಿಯುವ ನೈಟ್ರಸ್ ಆಕ್ಸೈಡಿನ ತೂಕವೂ ನಲವತ್ತನಾಲ್ಕೇ. ಅದು ಹೈಡ್ರೋಜನ್ ಜೊತೆ ಸೇರಿದರೆ ಹೊರಗಿನ ಗಾಳಿಯೇ ಬೇಡ, ಒಂದು ಕಿಡಿ ಸಾಕು.

ನಿನ್ನ ಮಾತನ್ನು ಪರೀಕ್ಷಿಸಲು ನಮ್ಮ ಮುಖ್ಯಸ್ಥ ಗಸ್ ನನಗೇ ಹೇಳಿದ. "ನಿನ್ನ ಯಂತ್ರಕ್ಕೆ ಹದಿನೇಳು ವರ್ಷದಿಂದ ಒಂದೇ ಹೆಸರು ಹೇಳಿಕೊಟ್ಟಿದ್ದೀಯ, ಇನ್ನೊಂದೂ ಕಲಿಸು" ಎಂದು ನಕ್ಕ. ನೀನು ನಗಲಿಲ್ಲ. ನೀನು ಜಂಭದವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಅನಿಲಗಳನ್ನು ಬೇರ್ಪಡಿಸುವ ಉದ್ದ ಕೊಳವೆ ಜೋಡಿಸಿದೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ನಾಲ್ಕನೇ ನಿಮಿಷಕ್ಕೆ, ನೈಟ್ರಸ್ ಆಕ್ಸೈಡ್ ಆರನೆಯದಕ್ಕೆ ಹೊರಬರಬೇಕು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರ ಓಡಿಸಿದೆ; ನಾಲ್ಕನೇ ನಿಮಿಷದಲ್ಲಿ ಹಾಳೆಯ ಮೇಲಿನ ಗೆರೆ ಅಲುಗಲಿಲ್ಲ. ಆರರಲ್ಲಿ ಕಾಗದದ ಅಂಚಿನವರೆಗೂ ಎದ್ದಿತು. ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದೆ. ಕೊಳವೆಯನ್ನು ಇನ್ನೂ ಕಾಯಿಸಬೇಕು ಎಂದು ಗಸ್‌ಗೆ ಹೇಳಿದೆ. ಮಂಗಳವಾರ ಯಂತ್ರವನ್ನು ಚಾಲೂ ಮಾಡಲೇ ಇಲ್ಲ. ನಿನಗೆ ಅನುಮಾನ ಬರಲಿಲ್ಲ. ನೀನು ನಿಮ್ಮ ಯಾಕಿಮಾ ತೋಟದ ಚೆರ್ರಿ ತಂದು ನನ್ನ ಮೇಜಿನ ಮೇಲಿಟ್ಟು, "ನನ್ನಿಂದ ನಿಮಗೆ ಡಬಲ್ ಕೆಲಸ ಆಯ್ತು" ಎಂದೆ. ನೀನು ಹೋದ ಮೇಲೆ ಎಲ್ಲ ಕಸದ ಬುಟ್ಟಿಗೆ ಹಾಕಿದೆ.

ಆ ಸಂಜೆ ಕಂಪನಿ ಬಸ್ಸಿನಲ್ಲಿ ಮುದುಕಿಯ ಮೇಲೆ ಕೆಲಸ ಮಾಡುವ ಐವರೂ ಇದ್ದರು. ಡ್ಯೂಯಿ ನನ್ನ ಪಕ್ಕ ಕೂತ.

"ಏನು ವರ್ನಾ, ಮುದುಕಿ ಏನು ತೇಗ್ತಾಳಂತೆ?"

"ಮಾಮೂಲಿ ಗಾಳಿ," ಎಂದೆ.

"ಹಾಗಾದ್ರೆ ಸರಿ. ನಾಳೆ ಮಧ್ಯಾಹ್ನ ಒಳಗೆ ಗರಗಸ ಇಳಿಸ್ತೀವಿ. ಹಳೇ ಪೈಪ್ ಕುಯ್ಯೋದಿದೆ."

ಬುಧವಾರ ಗಸ್ ಬರುವ ಮುಂಚೆಯೇ ಅವನ ಬಾಗಿಲಲ್ಲಿ ನಿಂತಿದ್ದೆ. ಕೆಲಸ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಅವನಿಗೆ ಕೊಟ್ಟ ಹಾಳೆಯ ಮೇಲೆ ಸೋಮವಾರದ ತಾರೀಕು ಅಳಿಸಿ ಬುಧವಾರದ್ದು ಬರೆದಿದ್ದೆ. "ನನಗೂ ಮೊದಲಿಂದ ಅನುಮಾನ ಇತ್ತು" ಎಂದು ಬೇರೆ ಹೇಳಿದೆ. ಅದೂ ಸುಳ್ಳು.

ನೀನು ಪತ್ರಿಕೆಯವರಿಗೆ, ತಾಳ್ಮೆ ಕಲಿತದ್ದು ವರ್ನಾ ಅವರಿಂದ, ಮೂರು ದಿನ ತೆಗೆದುಕೊಂಡರೂ ಖಚಿತ ಮಾಡಿಕೊಂಡೇ ಸಹಿ ಹಾಕಿದರು ಎಂದಿದ್ದೀಯ. ನೊರೀನ್, ಖಚಿತವಾದದ್ದು ಸೋಮವಾರ ಹನ್ನೊಂದಕ್ಕೆ.

ಐವರಲ್ಲಿ ಈಗ ಇರುವವನು ಡ್ಯೂಯಿ ಒಬ್ಬನೇ. ಶನಿವಾರ ಅವನ ಮನೆಗೆ ಹೋಗುತ್ತಿದ್ದೇನೆ. ಅವನಿಗೆ ಎದುರು ಕೂತೇ ಹೇಳಬೇಕು. ನಿನ್ನೆದುರು ಕೂತು ಹೇಳಲಾರೆ. ನೀನು ಆ ಕ್ಷಣವೇ ಕ್ಷಮಿಸಿಬಿಡುತ್ತೀಯ. ಆಮೇಲೆ ಅದಕ್ಕೂ ನಾನು ಹೊಟ್ಟೆಕಿಚ್ಚು ಪಡಬೇಕಾಗುತ್ತದೆ.

ಪದಕ ನಿನಗೇ ಸಲ್ಲಬೇಕಾದದ್ದು. ನೂರು ಕಾಲ ಚೆನ್ನಾಗಿ ಬಾಳು.

ಇಂತು,
ವರ್ನಾ ಲಿಂಡ್‌ಕ್ವಿಸ್ಟ್