ಪೆನ್ ಡ್ರೈವ್ ಕೆಟ್ಟಿರಲಿಲ್ಲ

ಸಾರಥಿ,

ನನ್ನ ಪೆನ್ ಡ್ರೈವ್ ಕೆಟ್ಟಿಲ್ಲ ಕಣೋ! ನಿನ್ನೆ ಬೇಲೂರಿನ ಜೆರಾಕ್ಸ್ ಅಂಗಡಿಯಲ್ಲಿ ಹಾಕಿದ ಕೂಡಲೇ ಶಾಲೆಯ ಮಕ್ಕಳ ಅಂಕಪಟ್ಟಿಯೆಲ್ಲ ಬಂತು. "ನಿಮ್ಮ ಲ್ಯಾಪ್‌ಟಾಪಿನ ಲಿನಕ್ಸಲ್ಲಿ ಪೆನ್ ಡ್ರೈವ್ ತಾನಾಗೇ ಮೌಂಟ್ ಆಗೋ, ಅಂದ್ರೆ ತೆರೆದುಕೊಳ್ಳೋ ಹಂಗೆ ಮಾಡಿಲ್ಲ ಮೇಡಂ, ಅಷ್ಟೇ" ಎಂದು ಅಂಗಡಿಯವನು ನಕ್ಕ. ಲ್ಯಾಪ್‌ಟಾಪ್ ಹಗುರಾಗಲಿ ಎಂದು ಅದರಲ್ಲಿದ್ದ ಸಾಫ್ಟ್‌ವೇರೆಲ್ಲ ಕಿತ್ತುಹಾಕಿದ ನೀನು ನನಗೊಂದು ಮಾತು ಹೇಳಬಾರದಿತ್ತೇ? ಪೆನ್ ಡ್ರೈವ್ ತೆರೆಯಲು ದಿನಾ ಕಮಾಂಡ್ ಹೊಡೆಯಲು ನಾನೇನು ನಿನ್ನ ಕ್ಲಾಸ್‌ಮೇಟೇ?

ಯುಡಿಸ್ಕಿ ಅಂತ ಒಂದು ಪ್ರೋಗ್ರಾಂ ಹಾಕಬೇಕಂತೆ, ಪೆನ್ ಡ್ರೈವನ್ನು ಅದೇ ತೆರೆಯುತ್ತದಂತೆ. ಲ್ಯಾಪ್‌ಟಾಪ್ ಆನ್ ಆದಾಗಲೇ ಅದೂ ಶುರುವಾಗಬೇಕು. ಸಂಜೆಯೊಳಗೆ ಮಾಡಿಡು. ಶಾಲೆಗೆ ಹೊರಟೆ, ಮಾದಿಹಳ್ಳಿ ಬಸ್ಸಿಗೆ ಹೊತ್ತಾಯಿತು. ಪುಳಿಯೋಗರೆ ಮುಚ್ಚಿಟ್ಟಿದ್ದೇನೆ.

ಹಾಡು ತುಂಬಿಸಿ ಪೆನ್ ಡ್ರೈವ್ ಕೆಡಿಸಿದಳೆಂದು ಮೊನ್ನೆ ನಿನ್ನ ತಂಗಿ ಹಿತಾಗೆ ಹೊಡೆದೆನಲ್ಲ, ಆಗ ನೀನು ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಹಿತಾ ಎದ್ದ ಮೇಲೆ, ಪೆನ್ ಡ್ರೈವ್ ತೆರೆದುಕೊಳ್ಳದಿದ್ದುದು ನಿನ್ನ ಕೆಲಸವೆಂದು ನೀನೇ ಹೇಳು. ಹೊಡೆದದ್ದು ತಪ್ಪಾಯಿತೆಂದು ನಾನು ಬಂದು ಹೇಳುತ್ತೇನೆ.

ಅಮ್ಮ