ಬೊರಾ ಗೆದ್ದ ಆಟ

ಜಾಂಗ್‌ಸೊಂಗ್
21 ನವೆಂಬರ್ 1993

ಮಗಳು ಗುಮ್‌ಹೀಗೆ,

ಎರಡು ವಾರದಿಂದ ಬರೆಯಬೇಕೆಂದು ಕೂರುವುದು, ಏಳುವುದು, ಇದೇ ಆಗಿದೆ. ಚಳಿಗಾಲದ ಕಿಮ್ಚಿ ಹಾಕುವ ಗಡಿಬಿಡಿ, ಎಲೆಕೋಸೆಲ್ಲ ಉಪ್ಪುನೀರಿನಲ್ಲಿ ಬಿದ್ದಿತ್ತು ಎಂದು ನೆಪ ಹೇಳಬಹುದಿತ್ತು. ನಿಜವೆಂದರೆ ಸಿಟ್ಟು ಇಳಿದಿರಲಿಲ್ಲ. ಈಗಲೂ ಇಳಿದಿಲ್ಲ. ಈ ಕಾಗದವನ್ನು ಮನೆಗೆ ಹಾಕದೆ ನಿನ್ನ ಕನ್ನಡಕದಂಗಡಿಯ ವಿಳಾಸಕ್ಕೇ ಹಾಕುತ್ತಿದ್ದೇನೆ, ಹೆದರಬೇಡ. ಅಳಿಯನ ಕೈಗೆ ಸಿಗುವುದಿಲ್ಲ.

ನನ್ನ ಸೊಂಟನೋವು ಇದ್ದ ಹಾಗೇ ಇದೆ. ಬೊರಾಳ ಮಂಡಿಯ ಗಾಯ ಒಣಗಿದೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.

ಆ ಭಾನುವಾರ ನೀನು ಫೋನ್ ಮಾಡಿದಾಗ ನಾನಿನ್ನೂ ಅನ್ನಕ್ಕೇ ಇಟ್ಟಿರಲಿಲ್ಲ. "ಬಿಸಿಲು ಚೆನ್ನಾಗಿದೆ, ಇವರಿಗೆ ಇದ್ದಕ್ಕಿದ್ದಂಗೆ ಬೆಟ್ಟದ ಕೆಂಪೆಲೆ ನೋಡ್ಬೇಕು ಅನ್ಸಿದೆ. ಒಂದು ಗಂಟೇಲಿ ಅಲ್ಲಿರ್ತೀವಿ. ಬೊರಾಗೆ ಹೇಳಿಟ್ಟಿರಮ್ಮ" ಎಂದೆ. ಏನು ಹೇಳಿಡಬೇಕೆಂದು ನಾನು ಕೇಳಲಿಲ್ಲ. ಮದುವೆಯಾಗಿ ಏಳು ತಿಂಗಳಾದರೂ ಇನ್‌ಚೊಲ್ ಪಾಲಿಗೆ ಬೊರಾ ನಿನ್ನಣ್ಣನ ಮಗಳು. ತನ್ನ ಮದುವೆಯ ಮಾತು ಬರುವ ಮೊದಲೇ ಕಡಲಿಗೆ ಹೋಗಿ ತೀರಿಕೊಂಡ ನನ್ನ ಮಗ ಗಿದೊಂಗ್‌ಗೆ ನಾವಿಬ್ಬರೂ ಸೇರಿ ಒಂದು ಮಗು ಕಟ್ಟಿದೆವು. "ಮದುವೆ ಒಂದು ಆಗ್ಲಿ, ಆಮೇಲೆ ನಾನೇ ಹೇಳ್ತೀನಿ" ಎಂದು ನೀನು ಆಣೆಯಿಟ್ಟಿದ್ದಕ್ಕೆ ನಾನೂ ತಲೆಯಾಡಿಸಿದೆ. ಈ ವರ್ಷ ಅವನ ತಿಥಿಗೆ ಅನ್ನ ಬಡಿಸುವಾಗ ಪಟದ ಕಡೆ ನೋಡಲಾಗಲಿಲ್ಲ.

ಕೈಯಲ್ಲಿ ಅನ್ನದ ಸುರುಳಿ ಕಟ್ಟುತ್ತ, ಬಾಯಲ್ಲಿ ಐದು ವರ್ಷದ ಮಗುವಿಗೆ ಪಾಠ ಹೇಳಿದೆ. "ಇವತ್ತು ಅಮ್ಮ ಅಲ್ಲ, ಅತ್ತೆ. ಇನ್ನೊಂದ್ಸಲ ಹೇಳು."

"ಆಟನಾ ಅಜ್ಜಿ?"

"ಹೂಂ, ಆಟ."

"ಗೆದ್ರೆ ಏನ್ ಕೊಡ್ತೀಯಾ?"

ಎಳ್ಳುಮಿಠಾಯಿ ಎಂದೆ. ನನ್ನ ನಾಲಿಗೆ ಬಿದ್ದು ಹೋಗಬೇಕಿತ್ತು.

ಬೆಟ್ಟ ಚೆನ್ನಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ. ಆ ಪುಟ್ಟ ಎಲೆಗಳು ಮಗುವಿನ ಅಂಗೈಯಷ್ಟೇ ಇರುತ್ತವಲ್ಲ, ಬೊರಾ ಆರಿಸಿ ಆರಿಸಿ ನಿನ್ನ ಮಡಿಲಿಗೆ ಹಾಕುತ್ತಿದ್ದಳು. ನೀನು ಕೋಟು ಕೊಳೆಯಾಗುತ್ತದೆಂದು ಕೊಡವಿದೆ. ಊಟಕ್ಕೆ ಕೂತಾಗ ಇನ್‌ಚೊಲ್ ನಾಚಿಕೊಂಡು, "ಅಮ್ಮ, ಮೇ ತಿಂಗಳಿಗೆ ನಿಮಗೆ ಮೊದಲ್ನೇ ಮೊಮ್ಮಗು ಬರತ್ತೆ. ಅಲ್ಲಲ್ಲ, ಬೊರಾ ಇದಾಳಲ್ಲ, ಎರಡ್ನೇದು" ಎಂದ. ಆ ದಿನವಿಡೀ ಅಮ್ಮ ಎಂದು ಬಾಯಿತುಂಬ ಕರೆದವನು ಅವನೊಬ್ಬನೇ. ಒಳ್ಳೆಯ ಹುಡುಗ. ಅದಕ್ಕೇ ಹೆಚ್ಚು ಹೊಟ್ಟೆ ಉರಿಯುತ್ತದೆ.

ಹಳ್ಳದ ಕಲ್ಲುಗಳ ಮೇಲೆ ದಾಟುವಾಗ ಬೊರಾ ಜಾರಿದಳು. ಮಂಡಿ ಒಡೆದು ರಕ್ತ ಬಂತು. ಬಿದ್ದ ಮಕ್ಕಳು ಯಾರನ್ನು ಕೂಗುತ್ತವೆ ಹೇಳು. ಅವಳೂ ಬಾಯಿ ತೆರೆದಳು. ನಿನ್ನ ಮುಖ ನೋಡಿದಳು. ಬಾಯಿ ಮುಚ್ಚಿದಳು. ಆಮೇಲೆ "ಅತ್ತೇ" ಎಂದು ಅತ್ತಳು. ನೀನು ಕ್ಯಾಮೆರಾ ಹಿಡಿದುಕೊಂಡು ಆಚೆ ದಡದಲ್ಲೇ ನಿಂತಿದ್ದೆ. ನೀರಿಗಿಳಿದು ಎತ್ತಿಕೊಂಡವನು ಇನ್‌ಚೊಲ್.

ಅವಳು ಅಳು ನಿಲ್ಲಿಸಲೆಂದು ಅವನೇ ದಾರಿಬದಿಯ ಹರಕೆಗಲ್ಲಿನ ಗುಡ್ಡೆಯ ಹತ್ತಿರ ಕರೆದೊಯ್ದು, ಒಂದು ಕಲ್ಲು ಇಡಿಸಿ, ಏನು ಬೇಡಿಕೊಂಡೆ ಪುಟ್ಟಿ ಎಂದು ಕೇಳಿದ. "ಇವತ್ತು ನಾನು ತಪ್ಪು ಮಾಡ್ದೇ ಇರ್ಲಿ ಅಂತ" ಎಂದಳು. ಅವನು ನಕ್ಕ. ಪಾಪ, ಅವನಿಗೇನು ಗೊತ್ತು. ನೀನೂ ನಕ್ಕೆಯಲ್ಲ ಗುಮ್‌ಹೀ. ಆ ನಗುವನ್ನು ನಾನು ಕ್ಷಮಿಸಿಲ್ಲ.

ನಿನ್ನ ಭಯ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ಗೊತ್ತಾದರೆ ಅವನು ಬಿಡಬಹುದು, ಅವನ ತಾಯಿ ಬಾಗಿಲು ಹಾಕಬಹುದು. ಆದರೆ ಅವನಿಗೆ ಹೇಳಿ ಇಬ್ಬರೂ ಬನ್ನಿ, ಇಲ್ಲವೇ ಬರಬೇಡಿ. ಇನ್ನೊಂದು ಸಲ ಆ ಪಾಠ ನಾನು ಹೇಳಿಕೊಡುವುದಿಲ್ಲ.

ಬೆಚ್ಚಗಿರು. ಹೊತ್ತು ಹೊತ್ತಿಗೆ ಉಣ್ಣು. ಹೊಟ್ಟೆಯಲ್ಲಿರುವುದು ಸುಖವಾಗಿ ಭೂಮಿಗೆ ಬರಲಿ, ನಿನ್ನನ್ನು ಯಾರ ಎದುರಿಗಾದರೂ ಅಮ್ಮ ಎಂದು ಕರೆಯುವಂತಾಗಲಿ.

ನಿನ್ನ ಅಮ್ಮ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ವಾಪಸು ಬರುವಾಗ ಕಾರಿನಲ್ಲಿ ಬೊರಾಳ ತಾಯಿ ಎಲ್ಲಿದ್ದಾಳೆ ಎಂದು ಇನ್‌ಚೊಲ್ ಮೆಲ್ಲಗೆ ಕೇಳಿದ. "ಅವಳ ಮಾತ್ಯಾಕೆ, ಹೆತ್ತು ಬಿಸಾಕಿ ಹೋದ್ಲು" ಎಂದೆ ನೀನು. ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡಿದೆ ಎಂದು ನೀನು ಅಂದುಕೊಂಡಿದ್ದೆ. ಅವಳು ನಿದ್ದೆ ಮಾಡಿರಲಿಲ್ಲ, ನನ್ನ ಬೆರಳು ಬಿಗಿಯಾಗಿ ಹಿಡಿದುಕೊಂಡಳು. ಮಾರನೆಯ ದಿನ, ಒಂದು ಸಲವೂ ತಪ್ಪದೆ ಗೆದ್ದಳಲ್ಲ ಎಂದು ಎಳ್ಳುಮಿಠಾಯಿ ಕೊಡಲು ಹೋದೆ. ಬೇಡವೆಂದು ಕೈ ಹಿಂದಿಟ್ಟುಕೊಂಡು, "ಅಜ್ಜಿ, ಅತ್ತೆ ಕಾರಲ್ಲಿ ಹೇಳಿದ್ಲಲ್ಲ, ಅದೂ ಆಟದ್ದೇನಾ?" ಎಂದು ಕೇಳಿದಳು. ಮನೆಯಲ್ಲಿ ನಾವಿಬ್ಬರೇ ಇದ್ದೆವು, ಆದರೂ ನಿನ್ನನ್ನು ಅತ್ತೆ ಎಂದೇ ಕರೆದಳು.